ಹಳೇ ಹೆಸರು ಇಡುವ ಮುಂಚೆ ವಕೀಲರನ್ನು ಕೇಳಿ

ಅಡ್ಮಿನ್: ಈ ವಾರ ಮಕ್ಕಳ ಹೆಸರಿನ ವಿಷಯ. ಅಜ್ಜ ಅಜ್ಜಿಯ ಹೆಸರು, ಶಾಸನದ ಹೆಸರು, ಯಾರೂ ಇಡದ ಹೆಸರು ಹುಡುಕುವವರು ಗುಂಪಿನಲ್ಲಿ ಜಾಸ್ತಿ ಆಗಿದ್ದಾರೆ. ಸಾಗರದ ನಮ್ಮ ವಕೀಲರು ಹೆಸರು ತಿದ್ದುಪಡಿ ಕೆಲಸ ಹದಿನೆಂಟು ವರ್ಷದಿಂದ ಮಾಡುತ್ತಿದ್ದಾರೆ. ಹೆಸರು ಚೆನ್ನಾಗಿದೆಯಾ ಅಂತ ಅವರನ್ನು ಕೇಳಬೇಡಿ. ಕಾಗದದ ಪ್ರಶ್ನೆ ಮಾತ್ರ.

ತೀರ್ಥಹಳ್ಳಿ ಸೊಸೆ: ನಮಸ್ತೆ ಮೇಡಂ. ಮಗಳಿಗೆ ಎರಡು ತಿಂಗಳು. ನನ್ನ ಅಜ್ಜಿಯ ಹೆಸರು ಹೂವಮ್ಮ. ಅದನ್ನೇ ಇಡಬೇಕು ಅಂತ ಆಸೆ. ನಾಳೆ ಪಾಸ್‌ಪೋರ್ಟ್ ಮಾಡಿಸುವಾಗ ತೊಂದರೆ ಆಗುತ್ತದೆ ಅಂತ ಅತ್ತೆ ಹೇಳುತ್ತಾರೆ. ನಿಜವಾ?

ವಕೀಲರು: ಇಲ್ಲಮ್ಮ. ಧೈರ್ಯವಾಗಿ ಇಡಿ. ಹೆಸರು ಹಳೆಯದಾ ಹೊಸದಾ ಅಂತ ಯಾವ ಕಚೇರಿಯೂ ಕೇಳುವುದಿಲ್ಲ. ಕೇಳುವುದು ಇಂಗ್ಲಿಷ್ ಅಕ್ಷರ. ಹೂ ಅನ್ನುವುದಕ್ಕೆ ಎರಡು ಓ ಹಾಕುತ್ತೀರಾ, ಒಂದು ಯು ಹಾಕುತ್ತೀರಾ ಅಂತ ಇವತ್ತೇ ಮನೆಯವರೆಲ್ಲ ಕೂತು ತೀರ್ಮಾನ ಮಾಡಿ. ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಜನನ ಪತ್ರ, ಆಧಾರ್, ಅಂಗನವಾಡಿ, ಎಲ್ಲ ಕಡೆ ಅದನ್ನೇ ನೋಡಿಕೊಂಡು ಬರೆಸಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಕ್ಕೆ ಜನನ ಪತ್ರವೇ ಪುರಾವೆ. ಹಾಗಾಗಿ ಮೊದಲ ಕಾಗದವೇ ಸರಿ ಇರಬೇಕು.

ಇನ್ನೊಂದು, ಇನಿಷಿಯಲ್. ನಮ್ಮ ಕಡೆ ಊರು ಒಂದು ಅಕ್ಷರ, ಅಪ್ಪ ಒಂದು ಅಕ್ಷರ. ಕೆ. ವಿ. ಪುಟ್ಟಪ್ಪ ಅಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಪಾಸ್‌ಪೋರ್ಟ್‌ಗೆ ಇದನ್ನು ಬಿಡಿಸಿ ಬರೆಯಬೇಕು. ಆಗ ಊರು ಹೋಗಿ ಸರ್‌ನೇಮ್ ಜಾಗದಲ್ಲಿ ಕೂರುತ್ತದೆ. ನನ್ನ ಕಕ್ಷಿದಾರರೊಬ್ಬರನ್ನು ಅಮೆರಿಕದ ಆಫೀಸಿನಲ್ಲಿ ಮಿಸ್ಟರ್ ಹೊಸನಗರ ಅಂತ ಕರೆಯುತ್ತಾರೆ. ಅವರಿಗೆ ಬೇಜಾರಿಲ್ಲ, ನಿಮಗೆ ಆಗಬಹುದು.

ಭದ್ರಾವತಿ ಬಾಯ್: ಫಾರ್ವರ್ಡ್ ಆಗಿ ಬಂದದ್ದು. 'ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿದರೆ ಸಾಕು, ಹೆಸರು ಎಲ್ಲ ಕಡೆ ತಾನಾಗಿ ಬದಲಾಗುತ್ತದೆ.' ಉಪಯುಕ್ತ ಮಾಹಿತಿ.

ವಕೀಲರು: ಉಪಯುಕ್ತ ಅಲ್ಲ, ತಪ್ಪು ಮಾಹಿತಿ. ಅಫಿಡವಿಟ್ ಅಂದರೆ ನೀವು ಪ್ರಮಾಣ ಮಾಡಿ ಹೇಳಿದ ಮಾತು, ಅಷ್ಟೇ. ಅದನ್ನು ಇಟ್ಟುಕೊಂಡು ಒಂದೊಂದು ಕಚೇರಿಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಕೆಲವರು ಪೇಪರ್ ಜಾಹೀರಾತು ಕೇಳುತ್ತಾರೆ, ಕೆಲವರು ಗೆಜೆಟ್ ಕೇಳುತ್ತಾರೆ. ಯಾವುದೂ ತಾನಾಗಿ ಆಗುವುದಿಲ್ಲ.

ಜೋಗದ ಮಂಜು: ಆಧಾರ್‌ನಲ್ಲಿ ಹೆಸರು ಎಷ್ಟು ಸಲ ಬದಲಿಸಬಹುದು?

ವಕೀಲರು: ಎರಡು ಸಲ. ಜೀವಮಾನಕ್ಕೆ.

ಸೊರಬದ ಅಮ್ಮ: ಮೇಡಂ, ನಮ್ಮದು ಸ್ವಲ್ಪ ಗೋಜಲು. ಮಗನಿಗೆ 14 ವರ್ಷ ಏಳು ತಿಂಗಳು. ಒಂಬತ್ತನೇ ಕ್ಲಾಸು. ಹುಟ್ಟಿದಾಗ ಮಾವನವರು ಅವರ ಅಪ್ಪನ ಹೆಸರು ಗುತ್ಯಪ್ಪ ಅಂತಲೇ ಇಡಬೇಕು ಅಂದರು. ನಮ್ಮವರು ಈ ಕಾಲಕ್ಕೆ ಅದು ಬೇಡ ಅಂದರು. ಜಗಳದಲ್ಲಿ ಜನನ ಪತ್ರಕ್ಕೆ ಹೆಸರೇ ಬರೆಸಲಿಲ್ಲ. ಆ ಜಾಗ ಈಗಲೂ ಖಾಲಿ. ಶಾಲೆಗೆ ಸುಹಾಸ್ ಅಂತ ಸೇರಿಸಿದೆವು. ಮನೆಯಲ್ಲಿ ಎಲ್ಲರೂ ಕರೆಯುವುದು ಗುತ್ತಿ. ಹೋದ ವರ್ಷ ಮಾವ ತೀರಿಕೊಂಡರು. ಈಗ ನಮ್ಮವರಿಗೇ ಗುತ್ಯಪ್ಪ ಅಂತ ಬರೆಸಬೇಕು ಅನಿಸಿದೆ. ಖಾಲಿ ಇದೆಯಲ್ಲ, ಬರೆಸಿದರಾಯಿತು ಅಂತಾರೆ.

ವಕೀಲರು: ಉಳಿದ ಪ್ರಶ್ನೆಗಳು ಸ್ವಲ್ಪ ಕಾಯಲಿ.

ಮೊದಲು ಕ್ಯಾಲೆಂಡರ್ ತೆಗೆಯಿರಿ. ಜನನ ನೋಂದಣಿ ಆಗಿ 12 ತಿಂಗಳೊಳಗೆ ಮಗುವಿನ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಎಣಿಕೆ ನೋಂದಣಿ ದಿನದಿಂದ. ಅಂದರೆ ನಿಮಗೆ ಉಳಿದಿರುವುದು ಐದು ತಿಂಗಳು. ಅದರಲ್ಲಿ ಕೊಯ್ಲು, ಜಾತ್ರೆ, ಸರ್ವರ್ ಡೌನ್ ಎಲ್ಲ ಕಳೆಯಿರಿ. ಕೈಗೆ ಮೂರು ತಿಂಗಳು ಸಿಕ್ಕರೆ ಪುಣ್ಯ.

ಆದರೆ ಖಾಲಿ ಇದೆ ಅಂತ ಹೋಗಿ ಗುತ್ಯಪ್ಪ ಅಂತ ಬರೆಸಿಬಿಡಬೇಡಿ. ನನಗೆ ಭಯ ಇರುವುದು ಅಲ್ಲೇ. ಶಾಲೆ ರಿಜಿಸ್ಟರ್‌ನಲ್ಲಿ ಸುಹಾಸ್ ಇದೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಮಾರ್ಕ್ಸ್ ಕಾರ್ಡ್‌ನಲ್ಲಿ ಸುಹಾಸ್ ಅಂತಲೇ ಬರುತ್ತದೆ. ಜನನ ಪತ್ರದಲ್ಲಿ ಗುತ್ಯಪ್ಪ. ಹುಡುಗ ಒಬ್ಬನೇ, ಕಾಗದದಲ್ಲಿ ಇಬ್ಬರು. ಒಮ್ಮೆ ಸೇರಿಸಿದ ಹೆಸರಿನಲ್ಲಿ ಬರೆಯುವವರ ತಪ್ಪು ಇದ್ದರೆ ತಿದ್ದುತ್ತಾರೆ. ಮನಸ್ಸು ಬದಲಾಯಿತು ಅಂದರೆ ತಿದ್ದುವುದು ಸುಲಭವಿಲ್ಲ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದಿದ್ದ. ಹೊರಗೆ ಜಡಿಮಳೆ. ಅಂಗಿ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಅದರೊಳಗೆ ಇನ್ನೊಂದು ಕವರ್, ಅದಕ್ಕೆ ರಬ್ಬರ್ ಬ್ಯಾಂಡ್. ನಾಲ್ಕು ಕಾಗದ ಇತ್ತು. ಒಂದರಲ್ಲಿ ಅಜ್ಜನ ಹೆಸರು, ಒಂದರಲ್ಲಿ ಶಾಲೆಯ ಹೆಸರು, ಇನ್ನೆರಡರಲ್ಲಿ ಅದೇ ಹೆಸರಿಗೆ ಬೇರೆ ಬೇರೆ ಸ್ಪೆಲ್ಲಿಂಗ್. ಕೆಲಸಕ್ಕೆ ಸೇರಲು ಹದಿನೈದು ದಿನ ಇತ್ತು. ಕಾಗದ ಒದ್ದೆಯಾಗಿರಲಿಲ್ಲ, ಅವನು ಪೂರ್ತಿ ಒದ್ದೆಯಾಗಿದ್ದ. ಆ ಕೆಲಸ ಅವನಿಗೆ ಸಿಗಲಿಲ್ಲ.

ಗುತ್ಯಪ್ಪ ಒಳ್ಳೆಯ ಹೆಸರು. ಚಂದ್ರಗುತ್ತಿಯ ಅಮ್ಮ ಗುತ್ಯಮ್ಮ, ಅವಳ ಹೆಸರಿನಿಂದ ಬಂದದ್ದು. ಹೆಸರು ಹೇಳಿದರೆ ಸಾಕು, ಯಾವ ಸೀಮೆಯವರು ಅಂತ ಗೊತ್ತಾಗುತ್ತದೆ. ಅದು ಬೇಕೇ ಬೇಕು ಅಂದರೆ ಸುಹಾಸ್ ಗುತ್ಯಪ್ಪ ಅಂತ ಮಾಡಿ. ನಾಳೆಯೇ ಹೋಗಿ ಹೆಡ್‌ಮಾಸ್ಟರನ್ನು ಕಂಡು, ಶಾಲೆಯ ದಾಖಲೆಯಲ್ಲಿ ಹಾಗೆ ಸೇರಿಸಲು ಏನು ಬೇಕು ಅಂತ ಕೇಳಿ. ಆಗುತ್ತದೆ ಅಂದರೆ ಎರಡೂ ಕಡೆ ಒಂದೇ ಥರ ಬರೆಸಿ. ಆಗಲ್ಲ ಅಂದರೆ ಜನನ ಪತ್ರಕ್ಕೆ ಸುಹಾಸ್ ಅಂತಲೇ ಹಾಕಿ. ಮಾರ್ಕ್ಸ್ ಕಾರ್ಡ್ ಅಚ್ಚಾದ ಮೇಲೆ ಪರೀಕ್ಷಾ ಮಂಡಳಿಯವರೆಗೆ ಓಡಬೇಕಾಗುತ್ತದೆ.

ಅಂದ ಹಾಗೆ, ಹುಡುಗನನ್ನು ಕೇಳಿದಿರಾ?

ಸೊರಬದ ಅಮ್ಮ: ಇಲ್ಲ ಮೇಡಂ. ಅವನು ಚಿಕ್ಕವನು ಅಂತ ಕೇಳಲಿಲ್ಲ.

ವಕೀಲರು: ಹದಿನಾಲ್ಕು ವರ್ಷ ಚಿಕ್ಕದಲ್ಲ. ಕೇಳಿ.

ಬಳ್ಳಿಗಾವಿ ಕಡೆಯವ: ಹುಡುಗನಿಗೆ ಅಲ್ಲಮ ಅಂತ ಇಡಬೇಕು ಅಂತಿದ್ದೇವೆ. ಕಂಪ್ಯೂಟರ್‌ನವರು ಹೆಣ್ಣು ಅಂತ ಬರೆದುಬಿಟ್ಟರೆ?

ಕಾಳುಮೆಣಸು: ನಾವು ಮಗನಿಗೆ ಕೆಂಚ ಅಂತ ಇಡುತ್ತಿದ್ದೇವೆ. ರೆಟ್ರೋ, ತುಂಬ ಕ್ಯೂಟ್! ಬೆಂಗಳೂರಿನ ಫ್ರೆಂಡ್ಸ್ ಎಲ್ಲ ವಾವ್ ಅಂದರು. ಹುಚ್ಚಪ್ಪ ಅಂತಲೂ ಯೋಚನೆ ಇತ್ತು, ಆದರೆ ಅದು ಸ್ವಲ್ಪ ಓವರ್ ಆಯ್ತು 😂

ನಿವೃತ್ತ ಮೇಷ್ಟ್ರು, ಶಿಕಾರಿಪುರ: ನಗುವ ಮುಂಚೆ ತಿಳಿದುಕೊಳ್ಳಿ. ಹುಚ್ಚಪ್ಪ ಅಂದರೆ ಹುಚ್ಚ ಅಲ್ಲ. ನಮ್ಮೂರಿನ ಆಂಜನೇಯ ಹುಚ್ಚರಾಯಸ್ವಾಮಿ, ಆ ದೇವರ ಹೆಸರು. ನನ್ನ ಕ್ಲಾಸಿನಲ್ಲಿ ಒಂದು ವರ್ಷ ಮೂವರು ಹುಚ್ಚಪ್ಪ ಇದ್ದರು. ಅಪರೂಪದ ಹೆಸರು ಅನ್ನುವುದು ಕಾಲದ ಮಾತು. ಪುಟ್ಟಪ್ಪ ಅನ್ನುವ ಹಳ್ಳಿ ಹೆಸರಿನ ಕುವೆಂಪು ಅವರೇ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಅಂತ ಇಟ್ಟರು. ಆಗ ಇವನ್ನು ಎಷ್ಟು ಜನ ಕೇಳಿದ್ದರು?

ಹೊಸನಗರದಿಂದ: ಕೆಂಚ ಕ್ಯೂಟ್ ಅನ್ನುವವರಿಗೆ ಒಂದು ಮಾತು. ನಮ್ಮ ತಾತನ ಹೆಸರು ತಿಮ್ಮ. ಬರೀ ತಿಮ್ಮ. ಪಕ್ಕದ ದೊಡ್ಡ ಮನೆಯಲ್ಲೂ ಅದೇ ದೇವರ ಹೆಸರು ಇಟ್ಟಿದ್ದರು, ಅವರು ತಿಮ್ಮಪ್ಪಯ್ಯ. ನಮಗೆ 'ಅಪ್ಪ' ಸೇರಿಸುವ ಹಾಗಿರಲಿಲ್ಲ. ನಮ್ಮಪ್ಪನ ಹೆಸರು ಕೆಂಚ. ಕೆಲಸ ಸಿಕ್ಕಿದ ಮೇಲೆ ದುಡ್ಡು ಖರ್ಚು ಮಾಡಿ ಅದನ್ನು ಬದಲಿಸಿಕೊಂಡರು. ನೀವು ಈಗ ಅದನ್ನು ಎತ್ತಿಕೊಂಡು ರೆಟ್ರೋ ಅನ್ನುತ್ತೀರಿ.

ಕಾಳುಮೆಣಸು: ಅಯ್ಯೋ, ಎಲ್ಲದಕ್ಕೂ ಜಾತಿ ತರಬೇಕಾ? ನಾವು ಪ್ರೀತಿಯಿಂದ ಇಡುತ್ತಿರುವುದು.

ಹೊಸನಗರದಿಂದ: ತಂದದ್ದು ನಾನಲ್ಲ. ರಿಜಿಸ್ಟರ್‌ನಲ್ಲಿ ಮೊದಲೇ ಬರೆದಿತ್ತು.

ನಿವೃತ್ತ ಮೇಷ್ಟ್ರು, ಶಿಕಾರಿಪುರ: ದಾಖಲಾತಿ ಮಾಡುವಾಗ ನಾನು ಎಲ್ಲರಿಗೂ ಅಪ್ಪ ಸೇರಿಸಿಯೇ ಬರೆಯುತ್ತಿದ್ದೆ.

ಹೊಸನಗರದಿಂದ: ಅದಕ್ಕೇ ಈಗ ನನ್ನ ತಮ್ಮನ ಕಾಗದ ಒಂದಕ್ಕೊಂದು ತಾಳೆ ಆಗುತ್ತಿಲ್ಲ ಸಾರ್.

ಭದ್ರಾವತಿ ಬಾಯ್: ವಿಷಯಕ್ಕೆ ಬರೋಣ. ಫಾರ್ವರ್ಡ್: 'ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್‌ಗೆ ಇನ್ನೊಂದು ಎ ಸೇರಿಸಿ. ಮಗುವಿನ ಜ್ವರ, ಹಟ, ಮರೆವು 21 ದಿನದಲ್ಲಿ ಮಾಯ. ಹಳೇ ಹೆಸರಿಗೂ ಅನ್ವಯ.'

ವಕೀಲರು: ನೋಡಿ, ಎರಡನೇ ಸಲ ಹೇಳುತ್ತಿದ್ದೇನೆ. ಇಂಥದ್ದು ಇಲ್ಲಿ ಹಾಕಬೇಡಿ. ನನ್ನ ಹತ್ತಿರ ಬರುವ ಕೇಸುಗಳಲ್ಲಿ ಬಹಳಷ್ಟು ಈ ಒಂದು ಎ ಇಂದಲೇ ಹುಟ್ಟಿದ್ದು. ಮಗುವಿಗೆ ಜ್ವರ ಬಂದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಜನನ ಪತ್ರದ ಹತ್ತಿರ ಅಲ್ಲ.

ಹೊಸನಗರದವರ ಮಾತಿಗೆ: ನೀವು ಹೇಳಿದ್ದು ಸರಿ, ಮತ್ತೆ ಅದು ಕಾಗದದ ಪ್ರಶ್ನೆಯೂ ಹೌದು. 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ಉಳುವ ಜಮೀನು ತಮ್ಮ ಹೆಸರಿಗೆ ಮಾಡಿ ಅಂತ ಗೇಣಿದಾರರು ಫಾರಂ 7 ಅನ್ನುವ ಅರ್ಜಿ ಕೊಟ್ಟರು. ಅದರಲ್ಲಿ 'ತಿಮ್ಮ ಬಿನ್ ಕರಿಯ', ಅಂದರೆ ಕರಿಯನ ಮಗ ತಿಮ್ಮ, ಅಂತ ಇರುತ್ತದೆ. ಮಗನ ಆಧಾರ್‌ನಲ್ಲಿ ಅಪ್ಪನ ಹೆಸರು ತಿಮ್ಮಪ್ಪ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸಲು, ಹೋದರೆ ಇಬ್ಬರೂ ಒಬ್ಬರೇ ಅಂತ ತೋರಿಸಿ ಅನ್ನುತ್ತಾರೆ. ಇದ್ದ ಒಂದು ಎಕರೆಗೆ ಎರಡಕ್ಷರ ಅಡ್ಡ ನಿಲ್ಲುತ್ತದೆ. ತಮ್ಮನಿಗೆ ಹಳೇ ಕಾಗದ ಹಿಡಿದು ನನ್ನನ್ನು ಕಾಣಲು ಹೇಳಿ.

ಕಾಳುಮೆಣಸು: ಹಾಗಾದರೆ ಕೆಂಚ ಇಡಬಾರದಾ? ಸರಿಯಾಗಿ ಹೇಳಿ.

ವಕೀಲರು: ಇಡಬಹುದು. ಕಾನೂನು ತಡೆಯುವುದಿಲ್ಲ. ಉಳಿದದ್ದು ಹೊಸನಗರದವರನ್ನು ಕೇಳಿ.

ಕಾಳುಮೆಣಸು: ಪ್ರಶ್ನೆ ಕೇಳಿದ್ದಕ್ಕೆ ಹೀಗೆ ಚುಚ್ಚುವುದಾ? ಅಡ್ಮಿನ್ ನೋಡ್ತಾ ಇದ್ದೀರಾ?

ರಿಪ್ಪನ್‌ಪೇಟೆ ಅಪ್ಪ: ಮಗಳಿಗೆ ಮೃಗಾಂಕ... ಸಾರಿ, ಮಗನಿಗೆ ಕದಂಬರ ಕಾಲದ ಮೃಗೇಶ ಅಂತ ಇಟ್ಟಿದ್ದೇವೆ. ಎಂ ಆರ್ ಆದ ಮೇಲೆ ಯು ಹಾಕಬೇಕಾ, ಐ ಹಾಕಬೇಕಾ?

ವಕೀಲರು: ನಾವು ಬಾಯಲ್ಲಿ ಮ್ರುಗೇಶ ಅನ್ನುತ್ತೇವೆ, ಉತ್ತರದವರು ಮ್ರಿಗೇಶ ಅನ್ನುತ್ತಾರೆ. ಯಾವುದಾದರೂ ಒಂದು. ಒಂದೇ.

ಜೋಗದ ಮಂಜು: ಆಧಾರ್ ಎರಡು ಸಲ ಅಂದಿರಲ್ಲ, ಸ್ಪೆಲ್ಲಿಂಗ್ ತಿದ್ದಿದರೂ ಲೆಕ್ಕಕ್ಕೆ ಬರುತ್ತದಾ?

ವಕೀಲರು: ಬರುತ್ತದೆ.

ಕುಂದಾದ್ರಿ: ಅಫಿಡವಿಟ್ ಒಂದೇ ಸಾಕಾಗಲ್ವಾ ಮೇಡಂ?

ವಕೀಲರು: ಮೇಲೆ ಓದಿ.

ಬಳ್ಳಿಗಾವಿ ಕಡೆಯವ: ಅಲ್ಲಮನ ವಿಷಯ ಯಾರೂ ಹೇಳಲಿಲ್ಲ.

ಅಡ್ಮಿನ್: ಕಾಳುಮೆಣಸು, ಹೊಸನಗರ, ಇಬ್ಬರೂ ದಯವಿಟ್ಟು ಪರ್ಸನಲ್ ಆಗಿ ಮಾತಾಡಿಕೊಳ್ಳಿ. ನಾನು ಹತ್ತು ಮೆಸೇಜ್ ಅಳಿಸಿದ್ದೇನೆ.

ಸೊರಬದ ಅಮ್ಮ: ಮೇಡಂ, ಮಗನನ್ನು ಕೇಳಿದೆ. ಸುಹಾಸ್ ಗುತ್ಯಪ್ಪ ಅಂತ ಇರಲಿ ಅಂದ. ಕ್ರಿಕೆಟ್ ಟೀಮಿನಲ್ಲಿ ಮೂವರು ಸುಹಾಸ್ ಇದ್ದಾರಂತೆ, ಅಲ್ಲಿ ಇವನಿಗೆ ಗುತ್ತಿ ಅಂತಲೇ ಹೆಸರಂತೆ. ನಮಗೆ ಗೊತ್ತೇ ಇರಲಿಲ್ಲ. ಆದರೆ ಈಗ ಇನ್ನೊಂದು ಎಡವಟ್ಟು. ಆಧಾರ್‌ನಲ್ಲಿ ಅವನ ಹೆಸರಿಗೆ ಕೊನೆಯಲ್ಲಿ ಎರಡು ಎಸ್ ಇದೆ, ಶಾಲೆಯಲ್ಲಿ ಒಂದು. ಎರಡರ ಫೋಟೋನೂ ಹಾಕಿದ್ದೇನೆ, ನೋಡಿ.

ವಕೀಲರು: ಆಧಾರ್ ನಂಬರ್ ಪೂರ್ತಿ ಕಾಣುತ್ತಿದೆ. ಮೊದಲು ಅಳಿಸಿ. ನಾನ್ನೂರು ಜನ ಇದ್ದಾರೆ ಇಲ್ಲಿ.

ಸೊರಬದ ಅಮ್ಮ: ಅಳಿಸಿದೆ ಮೇಡಂ.

ವಕೀಲರು: ಸೋಮವಾರ ಕೋರ್ಟ್ ಮುಗಿದ ಮೇಲೆ ಐದು ಗಂಟೆಗೆ ಬನ್ನಿ. ಒರಿಜಿನಲ್ ತನ್ನಿ. ಹುಡುಗನನ್ನೂ ಕರೆದುಕೊಂಡು ಬನ್ನಿ, ಸ್ಪೆಲ್ಲಿಂಗ್ ಅವನ ಕೈಯಲ್ಲೇ ಬರೆಸೋಣ.

ಭದ್ರಾವತಿ ಬಾಯ್: ಫಾರ್ವರ್ಡ್: 'ಸೋಮವಾರ ಹೆಸರು ಬರೆಸಬಾರದು...'

(ಭದ್ರಾವತಿ ಬಾಯ್ ಅವರನ್ನು ಅಡ್ಮಿನ್ ಗುಂಪಿನಿಂದ ತೆಗೆದಿದ್ದಾರೆ.)