ಏರ್ ಪ್ಲಾಂಟ್‌ನ ಸುಳಿ ಕೈಗೇ ಕಿತ್ತು ಬಂತು, ಇನ್ನೊಂದನ್ನು ಉಳಿಸಿಕೊಳ್ಳುವುದು ಹೇಗೆ?

ಯಲಹಂಕದ ಕಿಟಕಿ:
ಎಲ್ಲರಿಗೂ ನಮಸ್ಕಾರ. ಹೋದ ದೀಪಾವಳಿಗೆ ತಂಗಿ ಎರಡು ಏರ್ ಪ್ಲಾಂಟ್, ಅಂದರೆ ಮಣ್ಣಿಲ್ಲದೆ ಬೆಳೆಯುವ ಗಿಡ, ಕೊಟ್ಟಿದ್ದಳು. ಎರಡೂ ಅಯೊನಾಂಥಾ ಅನ್ನುವ ಜಾತಿ, ನಿಂಬೆಹಣ್ಣಿನಷ್ಟು ದೊಡ್ಡವು. ಒಂದನ್ನು ಗಾಜಿನ ಬುರುಡೆಯೊಳಗಿಟ್ಟು ಟಿವಿ ಪಕ್ಕ ನೇತುಹಾಕಿದೆ, ಇನ್ನೊಂದನ್ನು ಅಡುಗೆಮನೆ ಕಿಟಕಿಯ ಸರಳಿಗೆ ಕಟ್ಟಿದೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಎರಡಕ್ಕೂ ನೀರು ಚಿಮುಕಿಸಿ ಮಲಗುವುದು ರೂಢಿ.

ಮೊನ್ನೆ ಬುರುಡೆ ಒರೆಸೋಣ ಅಂತ ಗಿಡ ಎತ್ತಿದರೆ ನಡುವಿನ ಎಲೆಗಳೆಲ್ಲ ಒಟ್ಟಿಗೆ ಕೈಗೆ ಬಂದವು. ಬುಡ ಕಪ್ಪಾಗಿ ಮೆತ್ತಗಾಗಿತ್ತು, ನೆನೆಸಿಟ್ಟು ಮರೆತ ಕಾಳಿನ ವಾಸನೆ. ಹೊರಗಿನ ಎಲೆಗಳು ಮಾತ್ರ ಹಸಿರಾಗೇ ಇದ್ದವು, ಅದೇ ನನಗೆ ಅರ್ಥವಾಗಲಿಲ್ಲ. ತುಂಬಾ ಬೇಜಾರಾಯಿತು.

ಕಿಟಕಿಯದು ಬದುಕಿದೆ. ಆದರೆ ಎಲೆಯ ತುದಿ ಕಂದು, ಮೈಮೇಲೆ ಬಿಳಿ ಪುಡಿ. ನಮ್ಮದು ಬೋರ್‌ವೆಲ್ ನೀರು. ಅತ್ತೆ ಇದನ್ನು ಬಂದಳಿಕೆ ಜಾತಿ, ಮರ ಇಲ್ಲದೆ ಬದುಕಲ್ಲ ಅನ್ನುತ್ತಾರೆ. ನಿಜವೇ?

ಶಿರಸಿ ತೋಟ:
ಅಕ್ಕಾ, ಬಂದಳಿಕೆ ಅಲ್ಲ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ನಿಮ್ಮ ಗಿಡ ನಮ್ಮ ಕಡೆಯ ಸೀತಾಳೆ ದಂಡೆಯ ಹಾಗೆ, ಮರದ ಮೇಲೆ ಕೂರುತ್ತದೆ ಅಷ್ಟೇ, ಮರದಿಂದ ಏನೂ ತೆಗೆದುಕೊಳ್ಳುವುದಿಲ್ಲ. ಸತ್ತದ್ದು ನೋಡಿದರೆ ಸುಳಿ ಕೊಳೆತ ಹಾಗಿದೆ. ಉಳಿದದ್ದಕ್ಕೆ ಬೋರ್ಡೋ ದ್ರಾವಣ ತೆಳ್ಳಗೆ ಮಾಡಿ ಹೊಡೆದರೆ ಹೇಗೆ? ಅಡಿಕೆಯ ಕೊಳೆರೋಗಕ್ಕೆ ನಾವು ಅದನ್ನೇ ನಂಬಿರುವುದು.

ಮೈಸೂರು ಮಹಡಿ:
ಬೋರ್ಡೋ ಮಾತ್ರ ದಯವಿಟ್ಟು ಬೇಡ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಈ ಕುಲಕ್ಕೆ ತಾಮ್ರ ವಿಷ. ತಾಮ್ರದ ತಂತಿಯಲ್ಲಿ ಕಟ್ಟುವುದು, ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಟ್ಟ ನೀರು ಹಾಕುವುದು, ಎರಡೂ ಬೇಡ.

ಸುಳಿ ಕೊಳೆ ಅಂದದ್ದು ಮಾತ್ರ ಸರಿ. ನಾನು ಒಂಬತ್ತು ವರ್ಷದಿಂದ ಸಾಕುತ್ತಿದ್ದೇನೆ, ನನ್ನ ಮೊದಲ ಮೂರು ಗಿಡ ಸತ್ತದ್ದೂ ಹೀಗೇ. ಬಾಯಾರಿ ಸತ್ತ ಗಿಡ ಹೊರಗಿನ ಎಲೆಯಿಂದ ಮುದುರಿಕೊಂಡು ಒಣಗುತ್ತಾ ಬರುತ್ತದೆ. ಕೊಳೆತ ಗಿಡ ಒಳಗಿನಿಂದ ಸಾಯುತ್ತದೆ, ಆದ್ದರಿಂದಲೇ ಹೊರಗೆ ಹಸಿರು ಕಂಡದ್ದು.

ಏರ್ ಪ್ಲಾಂಟ್‌ಗಳ ಕುಲದ ಹೆಸರು ಟಿಲಾಂಡ್ಸಿಯಾ, ಅದು ಅನಾನಸ್ ಕುಟುಂಬದ್ದು. ಅಯೊನಾಂಥಾದ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಇದರ ಬೇರು ಕೊಂಬೆ ಹಿಡಿದುಕೊಳ್ಳುವುದಕ್ಕೆ ಮಾತ್ರ, ನೀರು ಕುಡಿಯುವುದು ಎಲೆಯ ಮೇಲಿನ ಸಣ್ಣ ಬೆಳ್ಳಿ ಹುರುಪೆಗಳು. ಬಿಸಿಲಿನ ಹೊತ್ತಿನಲ್ಲಿ ನೀರು ಆರಿಹೋಗದಿರಲಿ ಅಂತ ಎಲೆಯ ರಂಧ್ರಗಳನ್ನು ಹಗಲು ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ನೀವು ಸರಿಯಾಗಿ ಆ ಹೊತ್ತಿಗೇ ಮೈಗೆ ನೀರು ಹೊದಿಸುತ್ತಿದ್ದಿರಿ. ಮೇಲೆ ಗಾಳಿಯಾಡದ ಬುರುಡೆ ಬೇರೆ. ಅಂಗಡಿಯವರು ಗಾಜಿನಲ್ಲಿಟ್ಟು ಮಾರುವುದು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಕಿಟಕಿಯ ಗಿಡಕ್ಕೆ ಹೀಗೆ ಮಾಡಿ. ವಾರಕ್ಕೊಮ್ಮೆ ಬೆಳಿಗ್ಗೆ ಬೋಗುಣಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಮುಳುಗಿಸಿಡಿ, ಮಾರ್ಚ್, ಏಪ್ರಿಲ್‌ನಲ್ಲಿ ಬೇಕಾದರೆ ವಾರಕ್ಕೆ ಎರಡು ಸಲ. ತೆಗೆದ ಮೇಲೆ ತಲೆಕೆಳಗಾಗಿ ಹಿಡಿದು, ಕೊತ್ತಂಬರಿ ಸೊಪ್ಪಿನ ನೀರು ಕೊಡವುವ ಹಾಗೆ ನಾಲ್ಕು ಸಲ ಕೊಡವಿ. ಹಾಗೇ ತಲೆಕೆಳಗಾಗಿ ಜರಡಿಯ ಮೇಲಿಟ್ಟು ಫ್ಯಾನ್ ಹಾಕಿ. ನೀರಿನಿಂದ ತೆಗೆದ ನಾಲ್ಕು ತಾಸಿನೊಳಗೆ ಸುಳಿ ಒಣಗಿರಬೇಕು. ನಾನಂತೂ ಕಿರುಬೆರಳು ಎಲೆಯ ಸಂದಿಗೆ ಇಟ್ಟು, ಒದ್ದೆಯ ತಂಪು ಉಳಿದಿಲ್ಲ ಅಂತ ನೋಡಿಯೇ ಸ್ವಸ್ಥಾನಕ್ಕೆ ಸೇರಿಸುವುದು. ಮಳೆಗಾಲದ ಜಡಿಯಲ್ಲಿ ನೆನೆಸುವುದನ್ನು ಕಡಿಮೆ ಮಾಡಿ. ದೊಡ್ಡ ಗುಂಗುರು ಎಲೆಯ ಜೆರೋಗ್ರಾಫಿಕಾ ತಂದರೆ ಮುಳುಗಿಸಬೇಡಿ, ಅದರ ಎಲೆ ಬುಡದಲ್ಲಿ ನೀರು ನಿಲ್ಲುತ್ತದೆ, ಅದ್ದಿ ಕೊಡವಿದರೆ ಸಾಕು.

ಬಿಳಿ ಪುಡಿಗೆ ಒಂದು ಪರೀಕ್ಷೆ ಇದೆ. ಎಲೆ ಒದ್ದೆ ಮಾಡಿ. ಬಿಳುಪು ಮಾಯವಾಗಿ ಹಸಿರು ಎದ್ದರೆ ಅದು ಗಿಡದ್ದೇ ಹುರುಪೆ, ಉಜ್ಜಬೇಡಿ. ಒದ್ದೆಯಾದರೂ ಬಿಳಿಯಾಗೇ ಉಳಿದರೆ ಗಡಸು ನೀರಿನ ಸುಣ್ಣ, ಹುರುಪೆಗಳ ಮೇಲೆ ಪೊರೆಗಟ್ಟಿ ಗಿಡ ಕುಡಿಯದ ಹಾಗೆ ಮಾಡುತ್ತದೆ. ಮಳೆನೀರು ಹಿಡಿದಿಡಿ, ಇಲ್ಲವಾದರೆ ಆರ್‌ಒ ನೀರು. ಉಪ್ಪು ಹಾಕಿ ಮೆದು ಮಾಡುವ ಸಾಫ್ಟ್‌ನರ್ ನೀರು ಬೇಡ, ಅದರಲ್ಲಿ ಸೋಡಿಯಂ ಇರುತ್ತದೆ.

ಯಲಹಂಕದ ಕಿಟಕಿ:
ಒದ್ದೆ ಮಾಡಿ ನೋಡಿದೆ. ಒಳಗಿನ ಎಲೆಗಳು ಹಸಿರಾದವು, ಹೊರಗಿನ ನಾಲ್ಕೈದು ಎಲೆಯ ಮೇಲೆ ಬಿಳಿ ಪಟ್ಟೆ ಹಾಗೇ ಇದೆ. ಅದು ಸುಣ್ಣವೇ ಇರಬೇಕು. ಬುರುಡೆ ಎತ್ತಿಟ್ಟೆ. ಇನ್ನೊಂದು ವಿಷಯ, ನಡುವಿನ ಎಲೆಗಳು ವಾರದಿಂದ ಕೆಂಪಾಗುತ್ತಿವೆ. ಇದೂ ಕೊಳೆಯೇ? ಭಯವಾಗುತ್ತಿದೆ.

ಮೈಸೂರು ಮಹಡಿ:
ಎಲೆ ಗಟ್ಟಿಯಾಗಿದ್ದು, ವಾಸನೆ ಇಲ್ಲದಿದ್ದರೆ ಹೂ ಬಿಡುವ ಸೂಚನೆ! ಕೆಂಪು ಎಲೆಗಳ ನಡುವಿನಿಂದ ನೇರಳೆ ಹೂ ಕೊಳವೆಯ ಹಾಗೆ ಮೇಲೇಳುತ್ತದೆ. ಆ ದಿನಗಳಲ್ಲಿ ಹೂವಿನ ಮೇಲೆ ನೀರು ಬೀಳದಂತೆ ನೋಡಿಕೊಳ್ಳಿ. ಬಾಳೆಯ ಹಾಗೆ ಇದೂ ಒಂದೇ ಸಲ ಹೂ ಬಿಡುವುದು, ಆಮೇಲೆ ತಾಯಿಗಿಡ ನಿಧಾನಕ್ಕೆ ಸೊರಗುತ್ತದೆ. ಅಷ್ಟರಲ್ಲಿ ಬುಡದಲ್ಲಿ ಮರಿಗಿಡ ಮೂಡಿರುತ್ತದೆ. ಮರಿ ತಾಯಿಯ ಮೂರನೇ ಒಂದು ಭಾಗವಾದರೂ ಬೆಳೆಯುವ ತನಕ ಬಿಡಿಸಬೇಡಿ. ಒಗ್ಗರಣೆಯ ಜಿಡ್ಡು ಕೂರುತ್ತದೆ, ಅಡುಗೆಮನೆಯಿಂದ ತೆಗೆದು ಪೂರ್ವದ ಕಿಟಕಿಗೆ ಕಟ್ಟಿ. ಹೂ ಬಿಟ್ಟಾಗ ಫೋಟೊ ಹಾಕಿ, ಕಾಯುತ್ತಿರುತ್ತೇನೆ.

ಶಿರಸಿ ತೋಟ:
ತಾಮ್ರದ ವಿಷಯ ಗೊತ್ತಿರಲಿಲ್ಲ, ಹೇಳಿದ್ದು ಒಳ್ಳೆಯದಾಯಿತು. ಮಗಳು ಒಂದು ಗಿಡ ತಂದು ತೋಟದ ಪಂಪ್‌ಮನೆ ಸೂರಿಗೆ ಕಟ್ಟಿದ್ದಾಳೆ. ಔಷಧಿ ಹೊಡೆಯುವವರು ಬರುವ ಮುಂಚೆ ಅದನ್ನು ಮನೆಯೊಳಗೆ ತರುತ್ತೇನೆ.