ಚೀಲ ಎಂದರೆ ಎಷ್ಟು?

ಫೆಬ್ರವರಿಯ ಸಂಜೆ, ಕೊಡಗಿನ ಸಿದ್ದಾಪುರದ ಹತ್ತಿರ ಬೋಪಣ್ಣನ ಕಾಫಿ ತೋಟ. ಕಣದಲ್ಲಿ ಒಣಗಿದ ರೊಬಸ್ಟಾ ಚೀಲ ಸೇರಿತ್ತು. ಬೆಲ್ಲದ ಕಾಫಿ ಬಂದೊಡನೆ ಮೇಷ್ಟರು ಕುರ್ಚಿಯನ್ನು ತಿರಸ್ಕರಿಸಿ ಮೂಲೆಯ ಚೀಲವೊಂದರ ಮೇಲೆ ಆಸೀನರಾದರು. ನನ್ನ ಮುಂದೆ ತೂಕದ ಯಂತ್ರ, ಅದಕ್ಕೆ ಜೋಡಿಸಿದ ಪುಟ್ಟ ಲಿನಕ್ಸ್ ಬೋರ್ಡು (ಅಂಗೈಯಗಲದ ಕಂಪ್ಯೂಟರ್ ಎನ್ನಿ), ಜೊತೆಗೆ ಅಳಿದುಳಿದ ನನ್ನ ಮರ್ಯಾದೆ.

"ತೂಕ 2,100 ಕಿಲೋ, ಚೀಲ ಸೊನ್ನೆ ಎನ್ನುತ್ತಿದೆಯಲ್ಲ! ಕಾಫಿಯನ್ನು ಲುಂಗಿಯಲ್ಲಿ ಕಟ್ಟಿ ತೂಗಿದೆಯಾ?" ಎಂದ ಬೋಪಣ್ಣ.

ತಪ್ಪು ನನ್ನದೇ. ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಯಂತ್ರವನ್ನು ಮಾತಾಡಿಸುವ ಡ್ರೈವರ್ ಮತ್ತು ಪರದೆಯ ಪ್ರೋಗ್ರಾಂ ಎರಡಕ್ಕೂ ಒಂದೇ ಹೆಡರ್ ಕಡತ, ಅಂದರೆ ಯಾವ ಲೆಕ್ಕ ಎಲ್ಲಿದೆ ಎಂಬ ಒಪ್ಪಂದದ ಚೀಟಿ: ಮೊದಲು ತೂಕ, ಅದರ ಬೆನ್ನಿಗೇ ಚೀಲ. ಅದರಲ್ಲಿ ತೂಕವನ್ನು 'ಲಾಂಗ್' ಎಂಬ, ಅಳತೆ ಹೇಳದ ಸಂಖ್ಯೆಯ ಬಗೆಯಾಗಿ ಬರೆದು ನೆಮ್ಮದಿಯಾಗಿ ಮಲಗಿದ್ದೆ. ಕರ್ನಲ್ 64 ಬಿಟ್‌ನದು, ಅದರ ಲಾಂಗ್ ಎಂಟು ಬೈಟು. ಪ್ರೋಗ್ರಾಂ ಹಳೆಯ 32 ಬಿಟ್‌ನದು, ಅದಕ್ಕೆ ನಾಲ್ಕೇ. ಮೊದಲ ನಾಲ್ಕು ಬೈಟಿನಲ್ಲಿ ತೂಕ ಸರಿಯಾಗಿಯೇ ಸಿಕ್ಕಿತು. ಮುಂದಿನ ನಾಲ್ಕು ತೂಕದ್ದೇ ಖಾಲಿ ಮೇಲರ್ಧ. ಪ್ರೋಗ್ರಾಂ ಆ ಸೊನ್ನೆಗಳನ್ನೇ ಚೀಲದ ಲೆಕ್ಕವೆಂದು ನಂಬಿತು.

ಬೋಪಣ್ಣ ಬಹಳ ಹೊತ್ತು ನಕ್ಕ. "ನಮ್ಮ ವ್ಯಾಪಾರಿಗೆ ಚೀಲವೆಂದರೆ 50 ಕಿಲೋ, ಅಂತರರಾಷ್ಟ್ರೀಯ ಲೆಕ್ಕದಲ್ಲಿ 60. ಬರೀ 'ಚೀಲ' ಎಂದು ಬರೆದ ಚೀಟಿಗೆ ನಾನಂತೂ ಸಹಿ ಹಾಕುವುದಿಲ್ಲ. ನೀನು ಎಂಜಿನಿಯರ್ ಬೇರೆ."

"ಅಳತೆ ಬರೆದ ಚೀಲ ನಿಮ್ಮಲ್ಲಿ ಇಲ್ಲವೇ?" ಎಂದು ಮೇಷ್ಟರು ಕೇಳಿದರು.

ಇದೆ. ನಾನು ಕೋಡ್ ಬರೆಯುವ ಸಿ ಭಾಷೆಯ ಮಾನಕ 1999ರಲ್ಲೇ 'ಯುಇಂಟ್32_ಟಿ'ಯಂತಹ, 32 ಬಿಟ್ ಎಂಬ ಅಳತೆಯನ್ನು ತಮ್ಮಲ್ಲೇ ಹೊತ್ತ ಹೆಸರುಗಳನ್ನು ಕೊಟ್ಟಿದೆ. ಆದರೆ ಲಿನಕ್ಸ್ ಕರ್ನಲ್‌ನವರದು ತಮ್ಮದೇ 'ಯು32'. ಹೊರಗಿನ ಪ್ರೋಗ್ರಾಂಗಳಿಗೆ ಕೊಡುವ ಹೆಡರ್‌ನಲ್ಲಂತೂ ಅದರ ಮುಂದೆ ಎರಡು ಅಡಿಗೆರೆ: '__ಯು32'.

"ಅಡಿಗೆರೆ ಏಕೆ? ಅಲಂಕಾರವೇ?"

"ಮನೆಹೆಸರು ಮೇಷ್ಟರೇ. ಈ ಊರಿನಲ್ಲಿ ಬೋಪಣ್ಣ ಎಂದು ಕೂಗಿದರೆ ನಾಲ್ಕು ಜನ ತಿರುಗುತ್ತಾರೆ, ಅದಕ್ಕೇ ಮುಂದೆ ಒಕ್ಕದ ಹೆಸರು. ಸಿ ಭಾಷೆಯಲ್ಲಿ ಎರಡು ಅಡಿಗೆರೆಯ ಹೆಸರುಗಳು ವ್ಯವಸ್ಥೆಯ ಮನೆತನಕ್ಕೇ ಮೀಸಲು. ಹೊರಗಿನವರು ತಮ್ಮ ಪ್ರೋಗ್ರಾಂನಲ್ಲಿ ಯು32 ಎಂಬ ಹೆಸರನ್ನು ಬೇರೇನಕ್ಕೋ ಇಟ್ಟುಕೊಂಡಿದ್ದರೂ ಜಗಳವಿಲ್ಲ."

ಮೇಷ್ಟರಿಗೆ ಇದು ವ್ಯಾಕರಣದಷ್ಟೇ ಹಿಡಿಸಿತು. ಬೋಪಣ್ಣನಿಗೆ ಹಿಡಿಸಲಿಲ್ಲ. "ಅಳತೆ ಬರೆದುಬಿಟ್ಟರೆ ತಕರಾರು ಮುಗಿಯಿತೋ?"

ಅಲ್ಲೇ ಸಿಕ್ಕಿಬಿದ್ದೆ. ಇಂಟೆಲ್‌ನ 32 ಬಿಟ್ ಲಿನಕ್ಸ್‌ನಲ್ಲಿ ಎಂಟು ಬೈಟಿನ ಸಂಖ್ಯೆ ಸ್ಟ್ರಕ್ಟ್‌ನೊಳಗೆ (ಹಲವು ಲೆಕ್ಕಗಳನ್ನು ಸಾಲಾಗಿ ಜೋಡಿಸಿದ ಕಟ್ಟಿನೊಳಗೆ) ನಾಲ್ಕು ಬೈಟಿಗೊಮ್ಮೆ ಬರುವ ಗಡಿಯಲ್ಲಿ ಕೂರಲು ಒಪ್ಪುತ್ತದೆ, 64 ಬಿಟ್‌ನಲ್ಲಿ ಎಂಟರ ಗಡಿಯೇ ಬೇಕೆಂದು ನಡುವೆ ಖಾಲಿ ಜಾಗ ಬಿಡಿಸುತ್ತದೆ.

"ಲಾರಿಗೆ ಲೋಡ್ ಮಾಡುವವರೂ ಹಾಗೆಯೇ. ಸಂದು ಬಿಟ್ಟು ಪೇರಿಸಿ ಜಾಗವಿಲ್ಲ ಎನ್ನುತ್ತಾರೆ."

"ಅದಕ್ಕೇ ಆ ಸಂದನ್ನು ನಾವೇ ಹೆಸರಿಟ್ಟು ತುಂಬಬೇಕು," ಎನ್ನುತ್ತಾ ತಿದ್ದಿದೆ. ತೂಕಕ್ಕೂ ಚೀಲಕ್ಕೂ '__ಯು32' ಹಾಕಿ ಡ್ರೈವರ್, ಪ್ರೋಗ್ರಾಂ ಎರಡನ್ನೂ ಮತ್ತೆ ಕಟ್ಟಿದೆ. ಆಳುಗಳು ಗೊಣಗುತ್ತಾ ಎಲ್ಲವನ್ನೂ ಮತ್ತೆ ತೂಗಿದರು. ಪರದೆಯಲ್ಲಿ ಚೀಲ 42. ನಾನು ಎದೆಯುಬ್ಬಿಸಿದೆ.

ಬೋಪಣ್ಣ ತನ್ನ ನೋಟ್‌ಬುಕ್ ತೆರೆದ. "ಇಲ್ಲಿ 43 ಇದೆ. ನಿನ್ನ ಅಡಿಗೆರೆ ಒಂದು ಚೀಲವನ್ನು ನುಂಗಿತೇ?"

ನಾನು ಬೆವರಿ ಕೋಡನ್ನು ಮೊದಲಿನಿಂದ ಓದತೊಡಗಿದೆ. ಹತ್ತು ನಿಮಿಷವಾಗಿರಬೇಕು. ಇನ್ನೊಂದು ಲೋಟ ಕಾಫಿಗೆಂದು ಮೇಷ್ಟರು ಎದ್ದುನಿಂತರು.