1971ರ ಯೋಧನಿಗೆ ಊರಲ್ಲಿ ಸ್ಮಾರಕ ಕಲ್ಲು: ದಾಖಲೆ, ಕಲ್ಲು, ಜಾಗ

ಹಿನ್ನೀರು:
ಹೊಸನಗರ ತಾಲೂಕಿನ ನಮ್ಮೂರಿನವರೊಬ್ಬರು 1971ರ ಯುದ್ಧದಲ್ಲಿ ತೀರಿಕೊಂಡರು. ಮನೆಯವರ ಹತ್ತಿರ ಇರೋದು ಪದಕಗಳ ಡಬ್ಬಿ ಮತ್ತು ಸಾವಿನ ಸುದ್ದಿಯ ತಂತಿ (ಟೆಲಿಗ್ರಾಂ) ಅಷ್ಟೇ. ಬಾಂಗ್ಲಾ ಕಡೆ ಅಂತ ಕೆಲವರು, ಪಂಜಾಬ್ ಗಡಿ ಅಂತ ಕೆಲವರು. ರಾಷ್ಟ್ರೀಯ ಯುದ್ಧ ಸ್ಮಾರಕದ ಜಾಲತಾಣದಲ್ಲಿ ಹೆಸರು ಸಿಗಲಿಲ್ಲ. ಡಿಸೆಂಬರ್ 16ಕ್ಕೆ ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಕಲ್ಲು ನಿಲ್ಲಿಸಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡೋದು? ಯಾವ ಕಲ್ಲು?

ದಫೇದಾರ್:
ಪದಕದಿಂದ ಶುರು ಮಾಡಿ. ಡಬ್ಬಿಯಲ್ಲಿ ಪೂರ್ವಿ ಸ್ಟಾರ್ ಇದ್ದರೆ ಬಾಂಗ್ಲಾ ಕಡೆ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ ಗಡಿ. ದುಂಡಗಿನ ಸಂಗ್ರಾಮ್ ಮೆಡಲಿನ ಅಂಚಿನಲ್ಲಿ ಸಾಮಾನ್ಯವಾಗಿ ಸೇನಾ ಸಂಖ್ಯೆ, ಹುದ್ದೆ, ಹೆಸರು, ದಳ ಅಚ್ಚಾಗಿರುತ್ತೆ. ಬ್ರಾಸೊ ಥರದ ಲೋಹದ ಪಾಲಿಶ್ ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತೆ. ಕತ್ತಲಲ್ಲಿ ಪಕ್ಕದಿಂದ ಟಾರ್ಚ್ ಬಿಟ್ಟು ಭೂತಗನ್ನಡಿ ಹಿಡಿದರೆ ಓದೋಕೆ ಬರುತ್ತೆ. ಸ್ವಾತಂತ್ರ್ಯದ 25ನೇ ವರ್ಷದ ಪದಕವೂ ಅದರಲ್ಲಿದ್ದರೆ ಎಚ್ಚರ: ಅದು 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಕೊಟ್ಟದ್ದು. ಅಂದರೆ ಮನೆಯ ಇನ್ನೊಬ್ಬರ ಪದಕವೂ ಡಬ್ಬಿಗೆ ಸೇರಿದೆ. ಪ್ರತಿಯೊಂದರ ಸಂಖ್ಯೆಯನ್ನೂ ತಾಳೆ ನೋಡಿ.

ಹೆಸರು ಸಿಗದಿರೋಕೆ ಮೊದಲ ಕಾರಣ ಕಾಗುಣಿತ. ಸೇನೆಯ ದಾಖಲೆ ಇಂಗ್ಲಿಷಿನಲ್ಲಿರೋದು. ಗೌಡ, ನಾಯ್ಕ, ಅಪ್ಪ ಎಲ್ಲಕ್ಕೂ ಮೂರು ನಾಲ್ಕು ರೂಪ ಹಾಕಿ ಹುಡುಕಿ, ಇನಿಷಿಯಲ್ ಬಿಟ್ಟೂ ನೋಡಿ. ಹಳೇ ಕಾಗದದಲ್ಲಿ ಕರ್ನಾಟಕ ಇರೋದಿಲ್ಲ, ಆಗಿನ್ನೂ ಮೈಸೂರು ರಾಜ್ಯ. ಹೆಸರು ಬದಲಾದದ್ದು 1973ರ ನವೆಂಬರಿನಲ್ಲಿ. ನಿಮ್ಮ ಕಡೆ ಇನ್ನೊಂದು ತೊಡಕುಂಟು. ಲಿಂಗನಮಕ್ಕಿ ಅಣೆಕಟ್ಟು ತುಂಬೋ ಮೊದಲು ಭರ್ತಿಯಾದವರ ವಿಳಾಸ ಮುಳುಗಿದ ಊರಿನದ್ದೇ ಆಗಿರಬಹುದು.

ಸಂಖ್ಯೆ, ದಳ ಸಿಕ್ಕಿದ ಮೇಲೆ ಆ ದಳದ ರೆಕಾರ್ಡ್ ಆಫೀಸಿಗೆ (ಸೈನಿಕರ ಸೇವಾ ದಾಖಲೆ ಇಡೋ ಕಚೇರಿ) ಹತ್ತಿರದ ವಾರಸುದಾರರ ಸಹಿಯಿರೋ ಅರ್ಜಿ ಹೋಗಲಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ. ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ವೆಲಿಂಗ್ಟನ್. ಸಾವಿನ ದಿನ, ಜಾಗ, ಆಗಿನ ಹುದ್ದೆ, ಮತ್ತು ಬ್ಯಾಟಲ್ ಕ್ಯಾಶುವಾಲ್ಟಿಯೋ (ಕಾಳಗದ ಸಾವು) ಫಿಸಿಕಲ್ ಕ್ಯಾಶುವಾಲ್ಟಿಯೋ ಅನ್ನೋದನ್ನು ಲಿಖಿತದಲ್ಲೇ ಕೇಳಿ. ಕಾಯಿಲೆ, ಅಪಘಾತದ ಸಾವು ಸಾಮಾನ್ಯವಾಗಿ ಎರಡನೇ ವರ್ಗಕ್ಕೆ ಬರುತ್ತೆ. ಹಾಗಿದ್ದರೂ ಅವರಿಗೆ ಕಲ್ಲು ನಿಲ್ಲಿಸಲೇಬೇಕು, ‘ಕಾಳಗದಲ್ಲಿ ಮಡಿದ’ ಅಂತ ಮಾತ್ರ ಬರೆಸಬೇಡಿ.

ತಂತಿಯ ಮೇಲಿನ ತಾರೀಕು ತಂತಿ ಕಳಿಸಿದ ದಿನದ್ದು, ಅದನ್ನು ಕೆತ್ತಿಸಬೇಡಿ. ದಾಖಲೆಯಲ್ಲಿ ನವೆಂಬರ್ ತಾರೀಕು ಬಂದರೆ ತಪ್ಪು ಅಂದುಕೊಳ್ಳಲೂ ಬೇಡಿ. ಬಾಂಗ್ಲಾ ಕಡೆಯ ಗರೀಬ್‌ಪುರದ ಕಾಳಗ ನಡೆದದ್ದು ಯುದ್ಧ ಘೋಷಣೆಗೆ ಮುಂಚೆ, ನವೆಂಬರಿನಲ್ಲೇ.

ಕಲ್ಕುಟಿಗ:
ಜಂಬಿಟ್ಟಿಗೆ ಕಟ್ಟೆಗೆ ಸರಿ, ಅಕ್ಷರ ನಿಲ್ಲೋದಿಲ್ಲ. ಬಳಪದ ಕಲ್ಲು ಕೆತ್ತೋಕೆ ಸುಖ, ಆದರೆ ಮೊಳೆಯಲ್ಲಿ ಗೀಚಿದರೂ ಗೆರೆ ಬೀಳುತ್ತೆ. ಗ್ರಾನೈಟ್ ತಗೊಳ್ಳಿ: 6 ಅಡಿ ಉದ್ದ, 2 ಅಡಿ ಅಗಲ, 6 ಇಂಚು ದಪ್ಪ, ಅದರಲ್ಲಿ ಸುಮಾರು 2 ಅಡಿ ಕಟ್ಟೆಯೊಳಗೆ. ಘನ ಅಡಿಗೆ ಹೆಚ್ಚುಕಡಿಮೆ 75 ಕೆ.ಜಿ. ಲೆಕ್ಕದಲ್ಲಿ 450 ಕೆ.ಜಿ. ಆಯ್ತು. ಚೈನ್ ಪುಲ್ಲಿ ಇಲ್ಲದೆ ಎತ್ತಿಸಬೇಡಿ.

ಪಾಲಿಶ್ ಕಲ್ಲಿನ ಮೇಲೆ ತೆಳ್ಳಗೆ ಕೊರೆದು ಚಿನ್ನದ ಬಣ್ಣ ತುಂಬೋದು ನಮ್ಮ ಮಳೆಗೆ ಆಗೋದಿಲ್ಲ. ಬಣ್ಣ ಎದ್ದುಹೋದ ಮೇಲೆ ಓದೋಕೇ ಬರೋದಿಲ್ಲ. 4 ಮಿ.ಮೀ. ಆಳದ ವಿ ಆಕಾರದ ಕೊರೆತ ಕೇಳಿ, ಅಕ್ಷರ 30 ಮಿ.ಮೀ.ಗಿಂತ ಚಿಕ್ಕದು ಬೇಡ. ಅದಕ್ಕಿಂತ ಚಿಕ್ಕದಾದರೆ ಒತ್ತಕ್ಷರದ ನಡುವಿನ ಸಣ್ಣ ಕಲ್ಲು ಚಕ್ಕೆ ಎದ್ದುಬಿಡುತ್ತೆ.

ಹೆಚ್ಚು ಕಲ್ಲು ಕೆಡೋದು ಕಂಪ್ಯೂಟರಿನಲ್ಲಿ. ನೀವು ವಾಟ್ಸಾಪಿನಲ್ಲಿ ಕಳಿಸೋದು ಯೂನಿಕೋಡ್, ಅಂಗಡಿಯಲ್ಲಿರೋದು ಹಳೇ ನುಡಿ ಫಾಂಟ್. ಪರಿವರ್ತನೆಯಲ್ಲಿ ಅರ್ಕಾವತ್ತು ಜಾರಿ ‘ಶೌರ್ಯ’ ಇನ್ನೇನೋ ಆಗಿ ಕೂರುತ್ತೆ. ಕೆತ್ತೋ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಮನೆಯವರು ಅಕ್ಷರ ಅಕ್ಷರವಾಗಿ ಓದಿ ಸಹಿ ಹಾಕಿದ ಮೇಲೆ ಉಳಿ ಮುಟ್ಟಲಿ.

ಕಟ್ಟೆ ಒಂದೂವರೆ ಅಡಿ ಎತ್ತರ ಇರಲಿ, ಕೆಂಪು ಮಣ್ಣು ಸಿಡಿದು ಅಕ್ಷರಕ್ಕೆ ಮೆತ್ತೋದಿಲ್ಲ. ಕಲ್ಲಿನ ತಲೆ ಇಳಿಜಾರಾಗಿರಲಿ. ಮರದಡಿ ಬೇಡ. ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿದರೆ ಕಲ್ಲೇ ಬಿರಿಯುತ್ತೆ, ಸ್ಟೇನ್‌ಲೆಸ್ ಹಾಕಿಸಿ. ಪಾಚಿಗೆ ಆಸಿಡ್ ಬೇಡ, ನೀರು ಮತ್ತು ನೈಲಾನ್ ಬ್ರಷ್ ಸಾಕು.

ಬರಹಕ್ಕೆ ನಮ್ಮ ವೀರಗಲ್ಲುಗಳನ್ನೇ ನೋಡಿ, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಮ್ಯೂಸಿಯಂನಲ್ಲಿವೆ. ಯಾರು, ಯಾವಾಗ, ಯಾವ ಕಾಳಗ, ಯಾರು ನಿಲ್ಲಿಸಿದ್ದು: ಬರಹವಿರೋ ಕಲ್ಲುಗಳಲ್ಲಿ ಇಷ್ಟೇ ಇರುತ್ತೆ. ದಾನಿಗಳ ಹೆಸರು ಹಿಂಬದಿಗೆ ಹೋಗಲಿ. ಮುಂಬದಿಯಲ್ಲಿ ಆ ಯೋಧನ ಹೆಸರೊಂದೇ ಇರಬೇಕು.

ಹಿನ್ನೀರು:
ಟಾರ್ಚ್ ಉಪಾಯ ಫಲಿಸಿತು: ಪಶ್ಚಿಮಿ ಸ್ಟಾರ್, ಸಂಖ್ಯೆಯೂ ಸಿಕ್ಕಿತು. ಅನಾವರಣದ ತನಕ ಕಲ್ಲಿಗೆ ರಾಷ್ಟ್ರಧ್ವಜ ಹೊದಿಸಬಹುದಾ?

ಪಂಚಾಯ್ತಿ ಕಟ್ಟೆ:
ಬೇಡ. ಸ್ಮಾರಕಕ್ಕೆ ಧ್ವಜ ಹೊದಿಸೋದು 1971ರ ರಾಷ್ಟ್ರಗೌರವ ಕಾಯ್ದೆಯಡಿ ಅವಮಾನ ಅನ್ನಿಸಿಕೊಳ್ಳುತ್ತೆ. ಬಿಳಿ ಬಟ್ಟೆ ಹೊದಿಸಿ, ಧ್ವಜ ಬೇರೆ ಕಂಬದಲ್ಲಿ ಹಾರಲಿ. ನಾಲ್ಕು ಸಿಂಹದ ಲಾಂಛನವನ್ನೂ ಕೆತ್ತಿಸಬೇಡಿ, ಲಾಂಛನದ ದುರ್ಬಳಕೆ ತಡೆಯೋ 2005ರ ಕಾಯ್ದೆ ಅಡ್ಡ ಬರುತ್ತೆ.

ಸರ್ಕಲ್ ಕೈಬಿಡಿ. ರಸ್ತೆ, ಫುಟ್‌ಪಾತ್, ಸಾರ್ವಜನಿಕ ಬಳಕೆಯ ಜಾಗದಲ್ಲಿ ಹೊಸ ಪ್ರತಿಮೆ, ಕಟ್ಟಡಗಳಿಗೆ ಅನುಮತಿ ಕೊಡಬಾರದು ಅಂತ 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ರಸ್ತೆ ಅಗಲವಾಗೋವಾಗ ಮೊದಲು ಕೀಳೋದೂ ಅಂಥ ಕಲ್ಲನ್ನೇ. ಆ ಯೋಧ ಓದಿದ ಶಾಲೆಯ ಅಂಗಳ ಸಿಗುತ್ತಾ ನೋಡಿ: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಒಪ್ಪಿಗೆ, ಶಿಕ್ಷಣ ಇಲಾಖೆಯ ಪತ್ರ, ಸರ್ವೆ ನಂಬರ್ ನಮೂದಿಸಿದ ಗ್ರಾಮ ಪಂಚಾಯ್ತಿ ಠರಾವು, ಮೂರೂ ಬೇಕು. ಠರಾವಿನಲ್ಲಿ ನಿರ್ವಹಣೆ ಯಾರದ್ದು ಅಂತಲೂ ಬರೆಸಿ.

ರೆಕಾರ್ಡ್ ಆಫೀಸಿನ ಉತ್ತರ ಡಿಸೆಂಬರ್ 16ರೊಳಗೆ ಬರದಿದ್ದರೆ ಆ ದಿನ ಕಟ್ಟೆ ಪೂಜೆ ಮಾತ್ರ ಮಾಡಿ. ಕೆತ್ತನೆ ಉತ್ತರ ಬಂದ ಮೇಲೆ.